ಕಿಡಿ ಹಾರದ ಲೆಕ್ಕ

ಸೋಮಪ್ಪ ಗುಡ್ಡಕ್ಕೆ ಹೋಗಿ ದೇವಿಯ ಅರಿಶಿನದ ಭಂಡಾರ ಎತ್ತಿ ಆಣೆ ಮಾಡಿದರೆ ಸಾಕು, ಮಾತು ಅಲ್ಲಿಗೆ ಮುಗಿಯಿತು ಎಂದು ಸಾವಕಾರರು ಹೇಳಿಕಳಿಸಿದ್ದರು. ಹೇಳಲು ಬಂದವನು ಬೈಲಹೊಂಗಲದಲ್ಲಿದ್ದ ಅವರ ಹತ್ತಿ ಜಿನ್ನಿನ ಮ್ಯಾನೇಜರ್ ಪಾಂಡುರಂಗರಾವ್. ನೇಸರಗಿಗೆ ಬಂದರೂ ಅವನು ಕೇರಿಯೊಳಗೆ ಕಾಲಿಡಲಿಲ್ಲ. ಕೇರಿಯ ಬಾಯಲ್ಲಿ ಬೇವಿನ ಗಿಡದ ಕೆಳಗೆ ಮೋಟಾರ್ ಸೈಕಲ್ ನಿಲ್ಲಿಸಿ, ಅದರ ಮೇಲೆ ಕುಳಿತೇ ಮಾತಾಡಿದ.

“ಕೇಳು ಸೋಮಪ್ಪಾ, ಸಾವಕಾರ್ರು ದೊಡ್ಡ ಮನಸ್ಸು ಮಾಡ್ಯಾರ. ಸವದತ್ತಿ ಗುಡ್ಡಕ್ಕ ಹೋಗೋಣ. ನೀನೂ ಬಾ, ಯಮನಪ್ಪನೂ ಬರ್ಲಿ, ನಾನೂ ಬರ್ತೇನಿ. ಎಲ್ಲಮ್ಮನ ಮುಂದ ಭಂಡಾರ ಎತ್ತಿ ‘ನಾ ಬೀಡಿ ಹಚ್ಚಿಲ್ಲ’ ಅನ್ನು. ಮುಗೀತು. ಮುಂದ ಯಾರೂ ಆ ಮಾತು ಎತ್ತೂ ಹಂಗಿಲ್ಲ.”

ಯಮನಪ್ಪ ಅಲ್ಲೇ ಕಟ್ಟೆಯ ತುದಿಯಲ್ಲಿ ಕುಕ್ಕುರುಗಾಲಲ್ಲಿ ಕುಳಿತಿದ್ದ. ಜಿನ್ನಿಗೆ ಬೆಂಕಿ ಬಿದ್ದಾಗ ಸತ್ತವಳು ಅವನ ಹೆಂಡತಿ ತಾಯವ್ವ. ಹತ್ತಿಯ ರಾಶಿಯ ನಡುವೆ ಸಿಕ್ಕಿಕೊಂಡಿದ್ದ ಅವಳನ್ನು ಹೊರಗೆಳೆಯುವಷ್ಟರಲ್ಲಿ ಎಳೆಯುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಸೋಮಪ್ಪ ಅಲ್ಲಿಯ ಹತ್ತಿ ಬಿಡಿಸುವ ಯಂತ್ರದ ಮೇಲೆ ಕೆಲಸಕ್ಕಿದ್ದವನು. ಅವನು ಒಳಗೆ ಬೀಡಿ ಹಚ್ಚಿದ್ದರಿಂದಲೇ ಬೆಂಕಿ ಬಿತ್ತು ಎಂದು ಜಿನ್ನಿನವರು ಮೊದಲ ದಿನವೇ ಬರೆಸಿದ್ದರು. ಗೇಟಿನ ಪರಪ್ಪನ ಕೈಗೆ ಬೀಡಿಕಟ್ಟು, ಕಡ್ಡಿಪೆಟ್ಟಿಗೆ ಕೊಟ್ಟು ಒಳಗೆ ಹೋಗುವುದು ಅಲ್ಲಿಯ ಪದ್ಧತಿ. ಕೊಟ್ಟಿದ್ದೆ ಎಂದು ಸೋಮಪ್ಪ. ನೆನಪಿಲ್ಲ ಎಂದು ಪರಪ್ಪ.

“ನನಗ ಒಪ್ಪಿಗಿ ಐತ್ರಿ,” ಎಂದ ಯಮನಪ್ಪ. “ಅಂವಾ ಭಂಡಾರ ಎತ್ತಿದ್ರ ನಾ ನಂಬತೇನಿ. ಅಂವಾ ಸುಳ್ಳ ಆಣಿ ಮಾಡಾಂವಲ್ಲ.”

ಸೋಮಪ್ಪ ಏಳಲು ಹೋದ. ಆಗಲೇ ಹೋಗಲು ತಯಾರಾದವನಂತೆ ರುಮಾಲು ಸರಿಮಾಡಿಕೊಂಡ.

“ಕುಂದ್ರು ಮಾಮಾ,” ಎಂದ ಬಾಳು.

ಬಾಳು ಸೋಮಪ್ಪನ ಅಕ್ಕ ರಾಯವ್ವನ ಮಗ. ಕೇರಿಯಲ್ಲಿ ಎಂಎಸ್ಸಿ ಮುಗಿಸಿದ ಮೊದಲಿಗ. ಧಾರವಾಡದ ಹಾಸ್ಟೆಲಿನಲ್ಲಿದ್ದುಕೊಂಡು ಭೌತಶಾಸ್ತ್ರದಲ್ಲಿ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದ. ಅವನ ವಿಷಯವೇ ಕಿಡಿ.

“ಮ್ಯಾನೇಜರ್ ಸಾಹೇಬ್ರ, ಗುಡ್ಡದ ಮಾತು ಬ್ಯಾಡ್ರಿ. ಬೆಂಕಿ ಬಿದ್ದದ್ದು ನಿಮ್ಮ ಮಷೀನು ತಿರಗಸೂ ಪಟ್ಟಾದಿಂದ. ಒಣಗಾಲದಾಗ ಪಟ್ಟಾ ಗಾಲಿ ಮ್ಯಾಲ ತಿರಿಗಿ ತಿರಿಗಿ ಅದಕ್ಕ ವಿದ್ಯುತ್ತು ಕೂಡತೈತಿ. ಬಾಜೂಕ ಕಬ್ಬಿಣದ ಸಲಾಕಿ ಐತಿ. ಪಟ್ಟಾ ಬಡಕೊಂತ ಸಲಾಕಿ ಹತ್ರ ಬಂದಾಗ ಕಿಡಿ ಹಾರತೈತಿ. ನಾ ಇದನ್ನ ತೋರಿಸಿ ಕೊಡತೇನಿ.”

ಪಾಂಡುರಂಗರಾವ್ ನಕ್ಕ. “ಹೆಂಗ ತೋರಸ್ತೀ ತಮ್ಮಾ? ಮತ್ತೊಮ್ಮೆ ಬೆಂಕಿ ಹಚ್ಚಿ?”

“ಮುಂಬೈದಾಗ ಕಂಪ್ಯೂಟರ್ ಐತ್ರಿ. ಅದರಾಗ ಲೆಕ್ಕಾ ಮಾಡಿ. ಅದಕ್ಕ ಜಾತಿ ಇಲ್ಲ, ಸಾವಕಾರಕಿ ಇಲ್ಲ. ಅದು ಏನ ಹೇಳತೈತಿ ಅದಕ್ಕ ನಾವೂ ತಲಿ ಬಾಗಸ್ತೇವಿ, ನೀವೂ ಬಾಗಸ್ರಿ.”

ಸಾವಕಾರರ ದೊಡ್ಡ ಮನಸ್ಸಿನ ಒಳಗುಟ್ಟು ಬಾಳುಗೆ ಗೊತ್ತಿತ್ತು. ಭಂಡಾರ ಎತ್ತಿದರೆ ಸೋಮಪ್ಪನ ತಪ್ಪಿಲ್ಲ, ಜಿನ್ನಿನ ತಪ್ಪೂ ಇಲ್ಲ, ದೇವರು ಮಾಡಿದ್ದು ಎಂದಾಗುತ್ತಿತ್ತು. ಪಟ್ಟಾದ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ತಾಯವ್ವನ ಮಕ್ಕಳಿಗೆ ಪರಿಹಾರವೂ ಸಿಗುತ್ತಿರಲಿಲ್ಲ. ಇದು ಒಂದು ಕಾರಣ. ಇನ್ನೊಂದನ್ನು ಅವನು ಬೇವಿನ ಗಿಡದ ಕೆಳಗೆ ಹೇಳಲಿಲ್ಲ. ಅವನ ದೊಡ್ಡವ್ವ ಮರೆವ್ವನಿಗೆ ಹುಡುಗಿಯಾಗಿದ್ದಾಗಲೇ ಆ ಗುಡ್ಡದ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಅವಳು ಸಾಂಗ್ಲಿಯಲ್ಲಿ ಸತ್ತಳು. ಯಾವ ರೋಗದಿಂದ ಎಂದು ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಪಂಚಶೀಲ ಹೇಳಿ ಬೌದ್ಧನಾದ ದಿನ ಬಾಳು ಇನ್ನು ಆ ಗುಡ್ಡ ಹತ್ತುವುದಿಲ್ಲ, ಮನೆಯವರನ್ನೂ ಹತ್ತಗೊಡುವುದಿಲ್ಲ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ.

“ನೋಡ್ರೆಪಾ, ನಿಮ್ಮಿಷ್ಟ,” ಎಂದು ಪಾಂಡುರಂಗರಾವ್ ಗಾಡಿಗೆ ಕಿಕ್ ಹೊಡೆದ. “ದೇವಿಗಿಂತ ಮಷೀನ ದೊಡ್ಡದಂದ್ರ ಹಂಗ ಆಗ್ಲಿ.”

ಅವನು ಹೋದ ಮೇಲೆ ರಾಯವ್ವ ಮಗನ ಮೇಲೆ ಹರಿಹಾಯ್ದಳು. “ಭಂಡಾರ ಎತ್ತಿದ್ರ ನಿನ್ನ ಗಂಟೇನ ಹೋಗತಿತ್ತೋ? ಅಂವಾ ತಪ್ಪು ಮಾಡಿಲ್ಲ. ಎತ್ತತಿದ್ದ, ಬರತಿದ್ದ.”

“ತಪ್ಪು ಮಾಡದಾಂವಾ ಯಾಕ ಆಣಿ ಮಾಡಬೇಕ ಯವ್ವಾ? ಪಟ್ಟಾದ ಮಾಲಕ ಆಣಿ ಮಾಡ್ತಾನೇನು?”

ಈ ಮಾತಿಗೆ ಕೇರಿಯವರೆಲ್ಲರೂ ಒಪ್ಪಿದರು. ಯಮನಪ್ಪ ಕೂಡ ನೆಲ ಗೀರುತ್ತ, “ಓದಿದಾಂವ ಹೇಳ್ತಾನ. ಹಂಗ ಮಾಡೂಣು,” ಎಂದ.

ಗಾಳಿಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದರೆ ಎರಡು ಲೋಹದ ತಟ್ಟೆಗಳನ್ನು ಎದುರುಬದುರು ಇಟ್ಟು ವೋಲ್ಟೇಜು ಏರಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ಗಾಳಿ ಸೋಲುತ್ತದೆ. ಎಲ್ಲಿಂದಲೋ ಬಂದ ಒಂದು ಇಲೆಕ್ಟ್ರಾನು ಓಡುತ್ತ ಗಾಳಿಯ ಕಣಕ್ಕೆ ಬಡಿದು ಇನ್ನೊಂದನ್ನು ಬಿಡಿಸುತ್ತದೆ. ಎರಡು ನಾಲ್ಕಾಗುತ್ತವೆ, ನಾಲ್ಕು ಎಂಟಾಗುತ್ತವೆ. ಹೀಗೆ ಹಿಂಡು ಬೆಳೆದು ತಟ್ಟೆಯಿಂದ ತಟ್ಟೆಗೆ ದಾರಿ ಮಾಡುತ್ತದೆ. ಅದೇ ಕಿಡಿ. ಎಲ್ಲವೂ ರೆಪ್ಪೆ ಬಡಿಯುವುದರ ಲಕ್ಷದಲ್ಲೊಂದು ಪಾಲು ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಕಣ್ಣಿಗೆ ಕಾಣುವ ಬೆಳಕು ಅದರ ಹೆಣ ಮಾತ್ರ. ಹುಟ್ಟು, ಬೆಳವಣಿಗೆ ಕಾಣುವುದಿಲ್ಲ. ಅದಕ್ಕೇ ಲೆಕ್ಕ ಬೇಕು. ವೋಲ್ಟೇಜು ಒಂದೇ ಸಮನೆ ಇದ್ದರೆ ಪುಸ್ತಕದ ಸೂತ್ರ ಸಾಕು. ಅದು ಕ್ಷಣಕಾಲ ಏರಿ ಇಳಿಯುವಂಥದ್ದಾದರೆ ಹಿಂಡು ಬೆಳೆಯಲು ಹೊತ್ತು ಸಿಕ್ಕಿತೋ ಇಲ್ಲವೋ ಎಂದು ಸೂತ್ರ ಹೇಳಲಾರದು.

ಬಾಳು ಮಾಡುತ್ತಿದ್ದುದು ಆ ಲೆಕ್ಕ. ತಟ್ಟೆಗಳ ನಡುವಿನ ಗಾಳಿಯನ್ನು ತೆಳು ಪದರಗಳಾಗಿ ಭಾಗ ಮಾಡುವುದು. ಒಂದೊಂದು ಪದರದಲ್ಲಿ ಎಷ್ಟು ಇಲೆಕ್ಟ್ರಾನು ಹುಟ್ಟಿದವು, ಎಷ್ಟು ಸತ್ತವು, ಎಷ್ಟು ಪಕ್ಕದ ಪದರಕ್ಕೆ ದಾಟಿದವು ಎಂದು ಎಣಿಸುವುದು. ಕಾಲವನ್ನು ಒಂದು ಕೂದಲೆಳೆಯಷ್ಟು ಮುಂದೆ ತಳ್ಳಿ ಮತ್ತೆ ಎಣಿಸುವುದು. ಮನುಷ್ಯ ಕುಳಿತು ಮಾಡಿದರೆ ಆಯುಷ್ಯ ಸಾಲದು. ಪ್ರೋಗ್ರಾಮಿನ ಒಂದೊಂದು ಸಾಲಿಗೆ ಒಂದೊಂದು ಕಾರ್ಡು ತೂತು ಹಾಕಿಸಿ, ಕಟ್ಟು ಕಟ್ಟಿ ಮುಂಬೈಗೆ ಕಳಿಸಬೇಕು. ಅಲ್ಲಿ ಯಂತ್ರ ಕಾರ್ಡು ಓದಿ ಉದ್ದನೆಯ ಕಾಗದದ ಮೇಲೆ ಉತ್ತರ ಬಡಿದುಕೊಡುತ್ತದೆ. ಎರಡು ವರ್ಷಗಳಿಂದ ಬಂದ ಉತ್ತರಗಳೆಲ್ಲ ಧಾರವಾಡದ ಪ್ರಯೋಗಶಾಲೆಯ ತಟ್ಟೆಗಳ ಮೇಲೆ ನಿಜವಾಗಿದ್ದವು. ಯಂತ್ರ ಕಿಡಿ ಹಾರುತ್ತದೆ ಎಂದರೆ ಹಾರುತ್ತಿತ್ತು. ಇಲ್ಲ ಎಂದರೆ ಇಲ್ಲ. ಆ ಎರಡು ವರ್ಷಗಳಲ್ಲಿ ಅವನಿಗೆ ಒಮ್ಮೆಯೂ ಸುಳ್ಳು ಹೇಳದೆ ಇದ್ದದ್ದು ಅದೊಂದೇ.

ಹೊಸ ಪಟ್ಟಾ ಕೂಡಿಸಿ ಜಿನ್ನು ಮತ್ತೆ ಶುರುವಾದಾಗ ಬಾಳು ಕಾಲೇಜಿನ ಮೀಟರು ಹೊತ್ತುಕೊಂಡು ಬೈಲಹೊಂಗಲಕ್ಕೆ ಹೋದ. ಪಾಂಡುರಂಗರಾವ್ ತಡೆಯಲಿಲ್ಲ, ಚಹಾ ಕೂಡ ಕುಡಿಸಿದ, ಬೇರೆ ಕಪ್ಪಿನಲ್ಲಿ. ಪಟ್ಟಾದ ವೋಲ್ಟೇಜು, ಅದು ಬಡಿದಾಡುವ ವೇಗ, ಸಲಾಕೆಗೆ ಎಷ್ಟು ಹತ್ತಿರ ಬರುತ್ತದೆ ಎಂಬುದು, ಎಲ್ಲವನ್ನೂ ಬಾಳು ಬರೆದುಕೊಂಡ. ಧಾರವಾಡಕ್ಕೆ ಬಂದು ತನ್ನ ಗೈಡ್ ನೀಲಕಂಠ ಸರ್ ಮುಂದಿಟ್ಟ.

ನೀಲಕಂಠರು ಕಾಗದದ ಅಂಚಿನಲ್ಲೇ ಪೆನ್ಸಿಲಿನಿಂದ ಲೆಕ್ಕ ಹಾಕಿದರು. “ಅಂಚಿನ ಮ್ಯಾಲೆ ಅದಪಾ. ಹಾರಬಹುದು, ಹಾರದೇ ಇರಬಹುದು.”

“ಹಾರತೈತ್ರಿ ಸರ್.”

“ಅದು ನಿನ್ನ ಆಸೆ. ಇನ್ನೊಂದು ಮಾತು. ನಿನ್ನ ಲೆಕ್ಕದಾಗ ಎರಡೂ ಕಡೆ ಸಪಾಟ ತಟ್ಟೆ ಅವ. ಜಿನ್ನಿನಾಗ ಎಲ್ಲಾ ಸಪಾಟ ಇರ್ತದೇನು?”

“ಪಟ್ಟಾ ಸಪಾಟನ ಐತ್ರಿ. ಸಲಾಕಿನೂ ಅಗಲ ಐತಿ. ಮೂಲಿ, ಮೊನಿ ಎಲ್ಲಾ ಹಿಡದು ಲೆಕ್ಕಾ ಮಾಡಬೇಕಂದ್ರ ಆ ಕಂಪ್ಯೂಟರಿನ ನೆನಪು ಸಾಲಂಗಿಲ್ಲಲ್ರಿ.”

ನೀಲಕಂಠರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಅವರ ಮನೆತನದಲ್ಲಿ ಏಳು ತಲೆಮಾರು ಶಾಸ್ತ್ರ ಹೇಳಿದವರು. ಯಾರಿಗೂ ಖಚಿತ ಮಾತು ಕೊಡುವ ಅಭ್ಯಾಸ ಅವರಿಗಿರಲಿಲ್ಲ. “ಮಾಡು. ಆದ್ರ ಉತ್ತರ ಬರೋದಕ್ಕಿಂತ ಮೊದ್ಲ ಯಾರಿಗೂ ಮಾತು ಕೊಡಬ್ಯಾಡ.”

ಮಾತು ಆಗಲೇ ಕೊಟ್ಟಾಗಿತ್ತು. ಮಾತಷ್ಟೇ ಅಲ್ಲ. ಕಂಪ್ಯೂಟರಿನ ತೀರ್ಪನ್ನು ಎರಡೂ ಕಡೆಯವರು ಒಪ್ಪತಕ್ಕದ್ದು ಎಂದು, ಬೆಂಕಿಯ ವಿಚಾರಣೆಗೆ ಸರಕಾರ ನೇಮಿಸಿದ ಸಾಹೇಬರ ಮುಂದೆ ಸೋಮಪ್ಪನ ಹೆಬ್ಬೆಟ್ಟು ಒತ್ತಿಸಿ ಅವನೇ ಬರೆದುಕೊಟ್ಟಿದ್ದ. ತಾನು ನಡುವೆ ಕೈಯಾಡಿಸಿದೆ ಎಂಬ ಮಾತು ಬರಬಾರದೆಂದು, ಉತ್ತರದ ಕಾಗದ ಮುಂಬೈಯಿಂದ ನೇರ ಸಾಹೇಬರ ಕೈಗೇ ಹೋಗಬೇಕು ಎಂದೂ ಸೇರಿಸಿದ್ದ. ಸಾಲು ಸಾಲು ಅಂಕಿ ನೋಡಿ ಸಾಹೇಬರಿಗೆ ತಿಳಿಯುವುದಿಲ್ಲವೆಂದು ಕೊನೆಯಲ್ಲಿ ಒಂದೇ ಮಾತು ಅಚ್ಚಾಗುವಂತೆ ಎರಡು ಕಾರ್ಡು ಹೊಸದಾಗಿ ಮಾಡಿಸಿದ: ಹಿಂಡು ಬೆಳೆದು ದಾಟಿದರೆ ‘ಬ್ರೇಕ್‌ಡೌನ್’, ಇಲ್ಲದಿದ್ದರೆ ‘ನೋ ಬ್ರೇಕ್‌ಡೌನ್’. ಎರಡನೆಯ ಕಾರ್ಡನ್ನು ಪದ್ಧತಿಗೆಂದು ಇಟ್ಟ. ಅದು ಕೆಲಸಕ್ಕೆ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಕಾರ್ಡುಗಳು ಹೋದ ಮೇಲೆ ಬಾಳು ಯುಗಾದಿಗೆ ಊರಿಗೆ ಬಂದ. ಸೋಮಪ್ಪನ ಮಗಳು ಇಂದ್ರವ್ವನನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಬೆಂಕಿಯ ಸುದ್ದಿ ಹಬ್ಬಿದ ಮೇಲೆ ಅತ್ತೆಮನೆಯವರು ಅವಳನ್ನು ಹಬ್ಬಕ್ಕೆ ಕಳಿಸಿರಲಿಲ್ಲ. ಆದರೂ ಸೋಮಪ್ಪನ ತಲೆಯಲ್ಲಿ ಮುಂಬೈಯ ಯಂತ್ರವೇ ತುಂಬಿತ್ತು. ಯಮನಪ್ಪನನ್ನೂ ಜೊತೆಗೆ ಕೂಡಿಸಿಕೊಂಡು ಕೇಳುತ್ತಿದ್ದ.

“ಬಾಳ್ಯಾ, ಆ ಮಷೀನು ಎಷ್ಟ ದೊಡ್ಡದೈತಿ?”

“ನಮ್ಮ ಕೇರಿ ಸಾಲಿಯಷ್ಟ ಐತಿ ಮಾಮಾ. ತಂಪು ಗಾಳಿ ಹಾಕಿ ಇಟ್ಟಿರತಾರ.”

“ಸಾವಕಾರನಂಗ ಅನ್ನು. ಮತ್ತ ಅದಕ್ಕ ಲಂಚ ಕೊಟ್ರ?”

“ತೂತು ಹಾಕಿದ ಕಾರ್ಡ ಬಿಟ್ಟು ಏನೂ ತಿನ್ನಂಗಿಲ್ಲ.”

ಯಮನಪ್ಪ ಬಹಳ ದಿನಗಳ ಮೇಲೆ ನಕ್ಕ. “ಹಂಗಾರ ಫಾರಿನ್ ದೇವರಪಾ ಅದು. ನಮ್ಮ ದೇವರಿಗೆ ಕುರೀನ ಬೇಕು.”

“ಸುಳ್ಳು ಹೇಳಂಗಿಲ್ಲಾ?” ಎಂದು ಸೋಮಪ್ಪ ಮತ್ತೆ ಕೇಳಿದ.

“ಹೇಳಾಕ ಬರಾಂಗಿಲ್ಲ ಅದಕ್ಕ. ಅದಕ್ಕ ನಿನ್ನ ಮ್ಯಾಲ ಸಿಟ್ಟಿಲ್ಲ, ನನ್ನ ಮ್ಯಾಲ ಪ್ರೀತಿ ಇಲ್ಲ.”

ಸೋಮಪ್ಪ ತಲೆಯಾಡಿಸಿದ. ಅವನು ಬದುಕಿನಲ್ಲಿ ನಂಬಿದ್ದು ಕೆಲವೇ ಸಂಗತಿಗಳನ್ನು. ಅವುಗಳಲ್ಲಿ ಒಂದನ್ನು, ಗುಡ್ಡದ ಆಣೆಯನ್ನು, ಬಾಳು ಕೈಬಿಡಿಸಿದ್ದ. ಖಾಲಿಯಾದ ಜಾಗದಲ್ಲಿ ಈಗ ಇದನ್ನು ಇಟ್ಟುಕೊಂಡ. ಬೆಂಕಿಯ ದಿನದ ಕತೆಯನ್ನು ಕೇಳಿದವರಿಗೆಲ್ಲ ಒಂದೇ ತರಹ ಹೇಳುತ್ತಿದ್ದ: ಗೇಟಿನಲ್ಲಿ ಪರಪ್ಪನ ಕೈಗೆ ಬೀಡಿ ಕೊಟ್ಟೆ, ಒಳಗೆ ಹೋದೆ, ನೀರಡಿಕೆಯಾಗಿತ್ತು, ತಾಯವ್ವ ತನ್ನ ಚರಿಗೆಯಿಂದ ನೀರು ಕೊಟ್ಟಳು, ಚರಿಗೆ ತಿರುಗಿ ಕೊಡುವಾಗ ಅವಳ ಹಿಂದೆ ಭಗ್ಗೆಂದಿತು. ಕೊನೆಗೆ, “ಮಷೀನ ಹೇಳತೈತಿ ತಡೀರಿ,” ಎನ್ನುತ್ತಿದ್ದ.

ವಿಚಾರಣೆ ಜಿನ್ನಿನ ಆಫೀಸಿನಲ್ಲೇ ನಡೆಯಿತು. ಬೆಳಗಾವಿಯಿಂದ ಬಂದಿದ್ದ ಸಾಹೇಬರು ಕುರ್ಚಿಯಲ್ಲಿ, ಪಾಂಡುರಂಗರಾವ್ ಅವರ ಪಕ್ಕದಲ್ಲಿ. ಸೋಮಪ್ಪ, ಯಮನಪ್ಪ ಬಾಗಿಲಲ್ಲಿ ನಿಂತಿದ್ದರು. ಕೇರಿಯ ಇನ್ನಷ್ಟು ಜನ ಹೊರಗೆ ಅಂಗಳದಲ್ಲಿ ಕುಳಿತಿದ್ದರು. ಬಾಳುಗೆ ಮಾತ್ರ ಸ್ಟೂಲು ಕೊಟ್ಟಿದ್ದರು.

ಸಾಹೇಬರು ಮೊಹರು ಒಡೆದು ಕಾಗದ ಬಿಚ್ಚಿದರು. ಮಡಿಕೆ ಮಡಿಕೆಯಾಗಿ ಅದು ಮೇಜಿನಿಂದ ನೆಲಕ್ಕಿಳಿಯಿತು. ಅವರು ಅಂಕಿಗಳ ಮೇಲೆ ಕಣ್ಣಾಡಿಸಲಿಲ್ಲ. ಕೊನೆಯ ಮಡಿಕೆಗೆ ಹೋಗಿ ನಿಂತರು.

“ನೋ ಬ್ರೇಕ್‌ಡೌನ್ ಅಂತ ಅದ. ಅಂದ್ರ ಏನ್ರಿ?”

ಬಾಳು ಎದ್ದು ಕಾಗದ ಕೈಗೆ ತೆಗೆದುಕೊಂಡ. ಮಧ್ಯದ ಪದರಗಳನ್ನು ಹುಡುಕಿದ. ಹಿಂಡು ಬೆಳೆದಿತ್ತು. ಸಾವಿರವಾಗಿ, ಲಕ್ಷವಾಗಿ, ಅದರಾಚೆಗೂ ಹೋಗಿತ್ತು. ಅಲ್ಲಿಗೆ ಪಟ್ಟಾ ಹಿಂದೆ ಸರಿದಿತ್ತು. ಮುಂದಿನ ಸಾಲಿನಿಂದ ಅಂಕಿಗಳು ಇಳಿಯುತ್ತ ಹೋಗಿದ್ದವು. ಅವನು ಮೇಲಿಂದ ಕೆಳಗೆ ಎರಡು ಸಲ ಓದಿದ. ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದರೆ ಅಂಕಿಗಳು ಇಷ್ಟು ಮರ್ಯಾದೆಯಿಂದ ಇಳಿಯುತ್ತಿರಲಿಲ್ಲ.

“ಏನ್ರಿ ಅಂದ್ರ?” ಸಾಹೇಬರು ಮತ್ತೆ ಕೇಳಿದರು.

“ಕಿಡಿ ಹಾರೂದಿಲ್ಲ ಅಂತ್ರಿ.”

ಬಾಗಿಲಲ್ಲಿ ಯಾರೋ ಕೆಮ್ಮಿದರು. ಪಾಂಡುರಂಗರಾವ್ ದನಿ ಏರಿಸಲಿಲ್ಲ. “ಪ್ರೊಫೆಸರ್ ಸಾಹೇಬ್ರ, ಯಂತ್ರಕ್ಕ ಜಾತಿ ಇಲ್ಲ ಅಂತ ನೀವ ಅಂದಿದ್ರಿ. ನಮ್ಮ ಮಾತಲ್ಲ ಇದು. ನಿಮ್ಮ ಕಾರ್ಡು, ನಿಮ್ಮ ಲೆಕ್ಕ.”

“ಅಂಚಿಗೆ ಬಂದು ತಪ್ಪೇತ್ರಿ ಸಾಹೇಬ್ರ. ಸ್ವಲ್ಪ ಹೆಚ್ಚುಕಮ್ಮಿ ಆಗಿದ್ರ...”

“ಹೆಚ್ಚುಕಮ್ಮಿ ಅಂತ ನೀವು ಬರಕೊಟ್ಟಿಲ್ಲ,” ಎಂದರು ಸಾಹೇಬರು. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಹೋಗಬೇಕಾದ ಬಸ್ಸಿತ್ತು. “ಪಟ್ಟಾದಿಂದ ಅಲ್ಲ ಅಂದ ಮ್ಯಾಲೆ ಬೀಡಿ ಒಂದ ಉಳೀತದ.”

ಅವರು ಬರೆಯತೊಡಗಿದರು. ಬಾಳು ಹೊರಗೆ ಬಂದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಜಿನ್ನಿನ ಹಿಂಭಾಗಕ್ಕೆ ನಡೆದ. ಅಲ್ಲಿ ಸುಟ್ಟ ಸಾಮಾನಿನ ಗುಡ್ಡೆ ಇತ್ತು. ಬೂದಿಯ ನಡುವೆ ಹಳೆಯ ಪಟ್ಟಾದ ಒಂದು ತುಂಡು ಬಿದ್ದಿತ್ತು. ಅದರ ಮೇಲೆ ಸಾಲಾಗಿ ಕಬ್ಬಿಣದ ಹಲ್ಲುಗಳಿದ್ದವು.

ಅವನು ಕುಳಿತು ಅದನ್ನು ಎತ್ತಿಕೊಂಡ. ಪಟ್ಟಾದ ಎರಡು ತುದಿಗಳನ್ನು ಕೂಡಿಸುವ ಕ್ಲಿಪ್ಪು. ಹೊಸ ಪಟ್ಟಾವನ್ನು ತೊಗಲಿನ ದಾರದಿಂದ ಹೊಲಿದಿದ್ದರು. ಹಳೆಯದನ್ನು ಕಬ್ಬಿಣದಿಂದ ಕಚ್ಚಿಸಿದ್ದರು. ಅವನು ಅಳೆದದ್ದು ಹೊಸದನ್ನು. ಹಲ್ಲುಗಳಲ್ಲಿ ನಾಲ್ಕಾರು ಸವೆದು, ಸೂಜಿಯಂತೆ ಹೊರಗೆ ಎದ್ದು ನಿಂತಿದ್ದವು. ಮೊನೆಯಿದ್ದಲ್ಲಿ ವಿದ್ಯುತ್ತು ಒತ್ತರಿಸಿಕೊಂಡು ನಿಲ್ಲುತ್ತದೆ, ಸಪಾಟಾದ ತಟ್ಟೆಗಿಂತ ಹತ್ತಾರು ಪಟ್ಟು. ಇದು ಬಿಎಸ್ಸಿ ಹುಡುಗನಿಗೂ ಗೊತ್ತು. ಪಟ್ಟಾ ಒಂದು ಸುತ್ತು ಬಂದಾಗಲೆಲ್ಲ ಈ ಹಲ್ಲು ಸಲಾಕೆಯ ಪಕ್ಕದಿಂದ ಹಾಯುತ್ತಿತ್ತು. ಸುತ್ತ ಹತ್ತಿಯ ನವಿರು ಹಾರಾಡುತ್ತಿತ್ತು. ಕಿಡಿ ಹಾರಿರಲೇಬೇಕು. ಆದರೆ ಅವನ ಪ್ರೋಗ್ರಾಮಿನ ಜಗತ್ತಿನಲ್ಲಿ ಹಲ್ಲು ಎಂಬುದಕ್ಕೆ ಜಾಗವೇ ಇರಲಿಲ್ಲ. ಅಲ್ಲಿ ಎಲ್ಲವೂ ಸಪಾಟು, ಎಲ್ಲ ಪದರವೂ ಒಂದೇ ಸಮ. ಸಪಾಟು ಜಗತ್ತಿನ ಬಗ್ಗೆ ಯಂತ್ರ ನಿಜವನ್ನೇ ಹೇಳಿತ್ತು.

ತುಂಡನ್ನು ಹಿಡಿದುಕೊಂಡು ಅವನು ಓಡಿ ಬಂದಾಗ ಸಾಹೇಬರು ಜೀಪು ಹತ್ತುತ್ತಿದ್ದರು.

“ಇದನ್ನ ನೋಡ್ರಿ ಸಾಹೇಬ್ರ. ಈ ಮೊನಿಯಿಂದ ಕಿಡಿ ಹಾರೇತಿ.”

“ಕಂಪ್ಯೂಟರ್ ಹೇಳೇದೇನು?”

“ಇದು ಅದರಾಗ ಇರ್ಲಿಲ್ರಿ.”

“ಹಂಗಾರ ಇದನ್ನ ಹಾಕಿ ಹೇಳಸ್ರಿ.”

“ಅಷ್ಟು ದೊಡ್ಡ ಲೆಕ್ಕ ಆ ಮಷೀನಿನಾಗ ಹಿಡಿಯಂಗಿಲ್ರಿ.”

ಸಾಹೇಬರು ಜೀಪಿನಲ್ಲಿ ಕುಳಿತರು. “ನಿಮಗ ಬೇಕಾದ್ದು ಹೇಳಿದ್ರ ಅದು ದೇವರು, ಬ್ಯಾಡಾದ್ದು ಹೇಳಿದ್ರ ಅದರಾಗ ಹಿಡಿಯಂಗಿಲ್ಲ. ಹಿಂಗಾದ್ರ ಹೆಂಗ್ರಿ?” ಜೀಪು ಹೋಯಿತು.

ನೀಲಕಂಠ ಸರ್ ಹಲ್ಲುಗಳನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಬಾಳುವಿನ ಮಾತು ಖರೆ ಎಂದರು. ಮೊನೆಯನ್ನು ಹಿಡಿದು ಲೆಕ್ಕ ಮಾಡುವುದೆಂದರೆ ಅದು ಇನ್ನೊಂದು ಥೀಸಿಸ್ಸು, ಅದಕ್ಕೆ ಬೇಕಾದ ಯಂತ್ರ ಸದ್ಯ ನಮ್ಮ ಕೈಗೆ ಸಿಗುವಂತಿಲ್ಲ ಎಂದರು. ಸಾಹೇಬರಿಗೆ ಒಂದು ಪತ್ರ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಕೊನೆಗೆ, ಹೇಳಬಾರದೆಂದುಕೊಂಡೇ ಹೇಳಿದರು: “ಈ ಫಲಿತಾಂಶ ಮಾತ್ರ ಛಲೋ ಬಂದದ. ಅಷ್ಟು ಬೆಳೆದ ಹಿಂಡು ತಿರುಗಿ ಸಾಯೋದನ್ನ ಇಷ್ಟು ಸ್ಪಷ್ಟ ಯಾರೂ ತೋರಿಸಿಲ್ಲ. ಥೀಸಿಸ್ಸಿನಾಗ ಒಂದು ಅಧ್ಯಾಯ ಆಗ್ತದ.”

ಬಾಳು ಅದನ್ನು ಅಧ್ಯಾಯ ಮಾಡಿದ. ಬಿಟ್ಟರೆ ಯಾರಿಗೂ ಲಾಭವಿರಲಿಲ್ಲ.

ಕೇರಿಯಲ್ಲಿ ಯಾರೂ ಸೋಮಪ್ಪನ ಮೇಲೆ ಕೈಮಾಡಲಿಲ್ಲ, ಬೈಯಲೂ ಇಲ್ಲ. ಯಮನಪ್ಪ ತನ್ನ ಮಕ್ಕಳನ್ನು ಕಿತ್ತೂರಿನಾಚೆ ದೇಗಾಂವಕ್ಕೆ, ತಾಯವ್ವನ ತವರಿಗೆ ಬಿಟ್ಟು ಬಂದ. ಸೋಮಪ್ಪ ಕಟ್ಟೆಗೆ ಬಂದರೆ ಎದ್ದು ಹೋಗುತ್ತಿದ್ದ. ಅವನು ಎದ್ದರೆ ಉಳಿದವರೂ ಏಳುತ್ತಿದ್ದರು. ರಾಮದುರ್ಗದಿಂದ ಇಂದ್ರವ್ವನ ಗಂಡ ಬಂದು, ಅಂಗಳದಲ್ಲೇ ನಿಂತು, ಇನ್ನು ಮುಂದೆ ಆ ಕಡೆ ಬರಬ್ಯಾಡ್ರಿ ಎಂದು ಮಾವನಿಗೆ ಹೇಳಿ, ನೀರೂ ಕುಡಿಯದೆ ಹೋದ. ರಾಯವ್ವ ಮಗನಿಗೆ ಊಟಕ್ಕೆ ಹಾಕುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ.

ಕೊನೆಗೆ ಬಾಳುವೇ ಯಮನಪ್ಪನ ಮನೆಗೆ ಹೋದ.

“ಕಾಕಾ, ಗುಡ್ಡಕ್ಕ ಹೋಗೂಣು. ಮಾಮಾ ಭಂಡಾರ ಎತ್ತತಾನ. ನೀವು ಬಂದು ನಿಂದರ್ರಿ.”

ಯಮನಪ್ಪ ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ. “ಆವತ್ತ ನಾ ಬರತಿದ್ದೆ. ನಂಬತಿದ್ದೆ. ಆಣಿ ಅಂದ್ರ ಕಳ್ಳರ ಆಟ, ಮಷೀನ ಖರೆ ಅಂತ ಕಲಿಸಿದಾಂವ ನೀನ. ಈಗ ಕಲತದ್ದನ್ನ ಹೆಂಗ ಮರೀಲೋ?”

“ಮಷೀನ ತಪ್ಪಲ್ಲ ಕಾಕಾ, ನಾ ಅದಕ್ಕ ಕೇಳಿದ್ದ ತಪ್ಪು.”

“ನಮಗ ಅಷ್ಟು ತಿಳಿಯಂಗಿಲ್ಲಪಾ,” ಎಂದ ಯಮನಪ್ಪ. “ನನ್ನ ಹೆಣ್ತಿ ಸುಟ್ಟು ಸತ್ಲು. ಅಷ್ಟ ತಿಳೀತೈತಿ.”

ಹಾಗಾಗಿ ಇಬ್ಬರೇ ಹೋದರು, ಬಾಳು ಮತ್ತು ಸೋಮಪ್ಪ. ನೋಡುವವರಿಲ್ಲದ ಆಣೆಗೆ ಬೆಲೆಯಿಲ್ಲವೆಂದು ಬಾಳುಗೆ ಗೊತ್ತಿತ್ತು. ಆದರೂ ಪೂಜಾರಿಯ ಮುಂದೆ ಎತ್ತಿದರೆ ಸುದ್ದಿ ನಿಧಾನವಾಗಿ ನೇಸರಗಿಗೆ ಮುಟ್ಟೀತು, ಮುಟ್ಟದಿದ್ದರೂ ಮಾವನ ಎದೆಗಾದರೂ ಸಮಾಧಾನವಾದೀತು ಎಂದುಕೊಂಡ. ಹತ್ತುವುದಿಲ್ಲ ಎಂದಿದ್ದ ಗುಡ್ಡವನ್ನು ಬಿಸಿಲಲ್ಲಿ ಹತ್ತಿದ. ದಾರಿಯಲ್ಲಿ ಭಂಡಾರ ಮಾರುವ ಹೆಂಗಸು ಅರಿಶಿನದ ಪೊಟ್ಟಣ ಮುಂದೆ ಚಾಚಿದಾಗ ಬಾಳುವೇ ಕೊಂಡ. ಅವಳ ಕೊರಳಲ್ಲಿ ಮುತ್ತಿತ್ತು. ಅವನು ಅವಳ ಮುಖ ನೋಡಲಿಲ್ಲ.

ಸಾಲಿನಲ್ಲಿ ನಿಂತು ಒಳಗೆ ಬಂದರು. ಪೂಜಾರಿ ಭಂಡಾರವನ್ನು ತಟ್ಟೆಗೆ ಸುರಿದು ಮುಂದೆ ಹಿಡಿದ. “ಹೂಂ, ಎತ್ತು. ಅನ್ನೋದು ಅನ್ನು.”

ಸೋಮಪ್ಪ ಬಲಗೈ ಚಾಚಿದ. ಬೆರಳು ಅರಿಶಿನಕ್ಕೆ ತಾಗಿದವು. ಅಷ್ಟಕ್ಕೇ ಕೈ ನಿಂತಿತು.

“ಬಾಳ್ಯಾ,” ಎಂದ ಮೆಲ್ಲಗೆ. “ಆ ಮಷೀನಿಗೆ ನನ್ನ ಮ್ಯಾಲ ಸಿಟ್ಟಿಲ್ಲ ಅಂದಿದ್ಯಲ್ಲ?”

“ಮಾಮಾ, ಎಷ್ಟ ಸಲ ಹೇಳ್ಲಿ? ಅದು ಸಪಾಟ ಲೆಕ್ಕ. ಪಟ್ಟಾದ ಹಲ್ಲು ಅದರಾಗ ಇರ್ಲಿಲ್ಲ. ತಪ್ಪು ನಂದು. ಎತ್ತು.”

“ನೀ ನನ್ನ ಅಕ್ಕನ ಮಗ. ನನ್ನ ಉಳಸಾಕ ಹಂಗ ಅಂತಿ. ಅದು ಯಾರ ಅಕ್ಕನ ಮಗಾನೂ ಅಲ್ಲಲಾ.”

“ನೀ ಪರಪ್ಪನ ಕೈಯಾಗ ಬೀಡಿ ಕೊಟ್ಟಿದ್ದಿ. ನೀನ ಹೇಳಿದ್ದಿ.”

“ಕೊಟ್ಟಿದ್ದೆ. ಅದು ಹಿಂದಿನ ದಿನ ಇದ್ದೀತು. ದಿನಾ ಕೊಡತಿದ್ದೆ, ಯಾವ ದಿನಾ ಅಂತ ಹೆಂಗ ಹೇಳ್ಲಿ?” ಅವನು ಅರಿಶಿನದಿಂದ ಬೆರಳು ಹಿಂದಕ್ಕೆ ತೆಗೆದ. “ಸುಳ್ಳಾದ್ರ ಏನ ಗತಿ? ಅಕೀನ ಸುಟ್ಟಾಂವ ನಾನ ಆಗಿದ್ರ, ಮ್ಯಾಲ ಸುಳ್ಳ ಆಣಿ ಬ್ಯಾರೆ ಮಾಡ್ಲೇನು?”

ಬಾಳು ಮಾವನ ಮಣಿಕಟ್ಟು ಹಿಡಿದು ತಟ್ಟೆಯೊಳಗೆ ಒತ್ತಿದ. ದೇವರಿಲ್ಲ, ಆಣೆಯಿಲ್ಲ ಎಂದು ಹಾಸ್ಟೆಲಿನ ತುಂಬ ವಾದ ಮಾಡಿದವನು ಹಲ್ಲು ಕಚ್ಚಿ, “ಎತ್ತು ಮಾಮಾ, ನಿನ್ನ ಕಾಲಿಗೆ ಬೀಳತೇನಿ, ಎತ್ತು,” ಎಂದ. ಅರಿಶಿನ ಚೆಲ್ಲಿ ಇಬ್ಬರ ಕಾಲ ಮೇಲೆ ಬಿತ್ತು.

“ಏ ತಮ್ಮಾ, ಕೈ ತಗಿ,” ಎಂದು ಪೂಜಾರಿ ಗದರಿದ. “ಜುಲುಮಿಲೆ ಎತ್ತಿಸಿದ್ರ ಆಣಿ ಆಗತೈತೇನು? ಸರೀರಿ ಆಚೆ. ಹಿಂದ ಮಂದಿ ನಿಂತಾರ.”

ಹಿಂದಿನವರು ತಳ್ಳಿದರು. ಮಾವ ಅಳಿಯ ಸರಿದರು.

ಇಬ್ಬರೂ ಗುಡ್ಡ ಇಳಿದರು. ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ನೇಸರಗಿ ಕಡೆಯ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕುಳಿತರು. ಬಾಳು ನಳದಿಂದ ನೀರು ಹಿಡಿದು ತಂದುಕೊಟ್ಟ. ಸೋಮಪ್ಪ ಗಟಗಟ ಕುಡಿದು, ಖಾಲಿ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತ.

“ಆ ದಿನಾ ತಾಯವ್ವ ನನಗ ನೀರ ಕೊಟ್ಟಿದ್ಲು,” ಎಂದ.

“ಹೌದು ಮಾಮಾ.”

“ಹೊರಗ ಥಂಡಿ ಇತ್ತು. ಮಾಘಮಾಸ. ಅಷ್ಟ ನೀರಡಿಕಿ ಯಾಕ ಆಗಿತ್ತು ನನಗ?” ಅವನು ಅಳಿಯನ ಕಡೆ ತಿರುಗಿದ. ಮುಖದಲ್ಲಿ ಏನೋ ಸಿಕ್ಕಿದವನ ಸಮಾಧಾನವಿತ್ತು. “ಬೀಡಿ ಸೇದಿದ್ರ ನನಗ ಹಂಗ ಆಗತೈತಿ ನೋಡು. ಗಂಟಲ ಒಣಗತೈತಿ.”

ಬಾಳು ತಂಬಿಗೆ ಇಸಿದುಕೊಂಡ. ಬಸ್ಸು ಬಂತು. ಸೋಮಪ್ಪ ಎದ್ದು, ಬಾಗಿಲಲ್ಲಿ ಎಲ್ಲರೂ ಮೊದಲು ಹತ್ತಿಕೊಳ್ಳಲಿ ಎಂದು, ತಪ್ಪು ಮಾಡಿದವನಂತೆ, ಹಿಂದೆ ಸರಿದು ನಿಂತ.